ಮೀನು ಕಂಡರೆ ಗಂಟೆ ಒತ್ತಿ: ಗೇಟು ಎತ್ತುತ್ತಿದ್ದವನ ಕಣ್ಣಲ್ಲಿ ಯೂಟ್ರೆಕ್ಟ್‌ನ ಒಂದು ಸೇವೆ

ಬೆಳಗಿನ ಜಾವ ನಾಲ್ಕೂಮುಕ್ಕಾಲು. ಮನೆಯಲ್ಲಿ ಯಾರೂ ಎದ್ದಿರಲಿಲ್ಲ. ಮೇಜಿನ ಮೇಲೆ ಟ್ಯಾಬ್ ಇಟ್ಟುಕೊಂಡು ಕೂತಿದ್ದೆ. ಪರದೆಯ ತುಂಬ ಹಸಿರು ಹಸಿರಾದ ಕತ್ತಲು. ಅದರೊಳಗೆ ಸಣ್ಣ ಕಣಗಳು ತೇಲುತ್ತಿದ್ದವು. ಇಪ್ಪತ್ತು ನಿಮಿಷ ಅಷ್ಟೇ, ಬೇರೇನೂ ಇಲ್ಲ. ಆಮೇಲೆ ಎಡಗಡೆಯಿಂದ ಒಂದು ಮೂತಿ ಕಾಣಿಸಿತು. ಮೈಮೇಲೆ ಕಪ್ಪು ಪಟ್ಟೆ, ಬೆನ್ನ ಮೇಲೆ ಮುಳ್ಳಿನ ರೆಕ್ಕೆ. ಪರ್ಚ್ ಮೀನು. ನಿಧಾನವಾಗಿ ಬಂದು ನಿಂತುಕೊಂಡಿತು. ಬಾಗಿಲ ಮುಂದೆ ಬಂದವರು ಒಳಗಿನವರಿಗಾಗಿ ಕಾಯುತ್ತಾರಲ್ಲ, ಹಾಗೆ. ನಾನು ಪರದೆಯ ಮೇಲಿದ್ದ ಗಂಟೆಯನ್ನು ಒತ್ತಿದೆ.

ಆ ಮೀನು ಇದ್ದದ್ದು ನೆದರ್ಲೆಂಡ್ಸ್‌ನ ಯೂಟ್ರೆಕ್ಟ್ ನಗರದಲ್ಲಿ, ವೇರ್ಡ್‌ಸ್ಲೌಸ್ ಅನ್ನುವ ಹಳೆಯ ನೀರಿನ ಗೇಟಿನ ಎದುರು. ಆ ಗಂಟೆಗೆ ಡಚ್ಚರು ಇಟ್ಟಿರುವ ಹೆಸರು ವಿಸ್‌ಡ್ಯೂರ್‌ಬೆಲ್. ವಿಸ್ ಅಂದರೆ ಮೀನು, ಡ್ಯೂರ್ ಅಂದರೆ ಬಾಗಿಲು, ಬೆಲ್ ಅಂದರೆ ಗಂಟೆ. ಮೀನಿನ ಕರೆಗಂಟೆ ಅನ್ನಬಹುದು. 2021ರ ವಸಂತದಲ್ಲಿ ಶುರುವಾದ ಸೇವೆ ಇದು. ಈ ವರ್ಷ ನಾನು ಮಾರ್ಚ್‌ನಿಂದ ಮೇ ಕೊನೆಯವರೆಗೆ ಹೆಚ್ಚುಕಡಿಮೆ ದಿನಾ ಬಳಸಿದ್ದೇನೆ. ಒಟ್ಟು 46 ಸಲ ಗಂಟೆ ಒತ್ತಿದ್ದೇನೆ. ಪುಸ್ತಕದಲ್ಲಿ ಬರೆದಿಟ್ಟುಕೊಂಡಿದ್ದೇನೆ, ಅದಕ್ಕೇ ಲೆಕ್ಕ ಗೊತ್ತು. ಬರೆದಿಡುವುದು ನನಗೆ ಕೆಲಸದಿಂದ ಬಂದ ಅಭ್ಯಾಸ.

ಆ ಕೆಲಸದ ವಿಷಯ ಮೊದಲು ಹೇಳಿಬಿಡುತ್ತೇನೆ. ಅದು ಗೊತ್ತಿಲ್ಲದಿದ್ದರೆ ನಾನು ಈ ಸೇವೆಯನ್ನು ಯಾಕೆ ಇಷ್ಟು ಹಚ್ಚಿಕೊಂಡಿದ್ದೇನೆ ಅನ್ನುವುದು ತಿಳಿಯುವುದಿಲ್ಲ. 29 ವರ್ಷ ನಾನು ನದಿಗೆ ಅಡ್ಡ ಕಟ್ಟಿದ ಒಂದು ಒಡ್ಡಿನ ಮೇಲೆ ಗೇಟು ಎತ್ತುವ, ಇಳಿಸುವ ಕೆಲಸ ಮಾಡಿದವನು. ದೊಡ್ಡ ಡ್ಯಾಮ್ ಅಲ್ಲ. ಆಳೆತ್ತರಕ್ಕಿಂತ ಸ್ವಲ್ಪ ಜಾಸ್ತಿ, ಹದಿನಾಲ್ಕು ಗೇಟು. ಬೆಳಿಗ್ಗೆ ಸಂಜೆ ಮಟ್ಟದ ಪಟ್ಟಿ ನೋಡಿ ಬರೆಯುವುದು, ಮೇಲಿನವರು ಹೇಳಿದಷ್ಟು ಗೇಟು ತೆಗೆಯುವುದು. ಪುಸ್ತಕದಲ್ಲಿ ನೀರಿನ ಎತ್ತರಕ್ಕೆ ಒಂದು ಕಾಲಮ್ಮು, ಬಿಟ್ಟ ನೀರಿಗೆ ಒಂದು ಕಾಲಮ್ಮು, ಗ್ರೀಸ್ ಹಚ್ಚಿದ ದಿನಕ್ಕೆ ಒಂದು ಕಾಲಮ್ಮು. ಮೀನಿಗೆ ಕಾಲಮ್ಮು ಇರಲಿಲ್ಲ.

ಆದರೆ ಮೀನು ಇತ್ತು. ಹೊಸ ನೀರು ಬಂದ ಮೊದಲ ವಾರ ಒಡ್ಡಿನ ಕೆಳಗೆ ನಿಂತು ನೋಡಿದರೆ ಕಪ್ಪು ಬೆನ್ನುಗಳು ಒತ್ತೊತ್ತಾಗಿ ಕಾಣುತ್ತಿದ್ದವು. ಎಲ್ಲವೂ ಮೂತಿಯನ್ನು ಹರಿವಿಗೆ ಎದುರಾಗಿ ಇಟ್ಟುಕೊಂಡಿರುತ್ತಿದ್ದವು. ಕೆಲವು ಹಾರುತ್ತಿದ್ದವು. ಕಾಂಕ್ರೀಟಿಗೆ ಬಡಿದು ಮತ್ತೆ ಕೆಳಗೆ ಬೀಳುತ್ತಿದ್ದವು. ಪಟ್ ಅಂತ ಒಂದು ಸದ್ದು. ಆ ಸದ್ದು ಈಗಲೂ ಕಿವಿಯಲ್ಲಿದೆ. ಬಕಗಳು ಸಾಲಾಗಿ ಬಂದು ನಿಲ್ಲುತ್ತಿದ್ದವು, ಬಲೆ ಹಿಡಿದವರೂ ಬರುತ್ತಿದ್ದರು. ಮೊಟ್ಟೆ ತುಂಬಿದ ಮೀನು ಒಂದು ಗೋಡೆಯ ಮುಂದೆ ಸುಸ್ತಾಗಿ ಸಿಕ್ಕಿಬೀಳುವುದನ್ನು ವರ್ಷಕ್ಕೊಂದು ಸಲ ನೋಡುತ್ತಿದ್ದೆ.

ಒಂದು ವರ್ಷ ತಡೆಯಲಾಗಲಿಲ್ಲ. ನೀರು ಹೇಗೂ ಹೆಚ್ಚಾಗಿತ್ತು. ಸಂಜೆ ಕೊನೆಯ ಗೇಟನ್ನು ಒಂದು ಗೇಣು ಎತ್ತಿದೆ. ಮೀನು ದಾಟಲಿ ಅಂತ. ಟಾರ್ಚ್ ಹಾಕಿ ನೋಡಿದರೆ ಆದದ್ದೇ ಬೇರೆ. ಗೇಟಿನ ಅಡಿಯಿಂದ ಬಂದ ನೀರು ಅಲ್ಲಿದ್ದ ಮೀನುಗಳನ್ನೆಲ್ಲ ಎತ್ತಿ ಹತ್ತು ಮಾರು ಹಿಂದಕ್ಕೆ ಎಸೆಯಿತು. ಅದರ ಲೆಕ್ಕ ನನಗೆ ಆಮೇಲೆ ತಿಳಿಯಿತು. ಗೇಟಿನ ಎರಡು ಬದಿಯ ನೀರಿಗೆ 2 ಮೀಟರ್ ವ್ಯತ್ಯಾಸ ಇದ್ದರೆ ಅಡಿಯಲ್ಲಿ ನುಗ್ಗುವ ನೀರು ಸೆಕೆಂಡಿಗೆ ಸುಮಾರು 6 ಮೀಟರ್ ಓಡುತ್ತದೆ. ಅದಕ್ಕೆ ಎದುರಾಗಿ ಈಜಲು ಸಾಮಾನ್ಯ ಹೊಳೆ ಮೀನಿನ ಕೈಲಿ ಆಗುವುದಿಲ್ಲ. ವ್ಯತ್ಯಾಸ ಬರೀ 20 ಸೆಂಟಿಮೀಟರ್ ಆದರೆ ಆ ವೇಗ 2 ಮೀಟರಿಗೆ ಇಳಿಯುತ್ತದೆ. ಅಲ್ಲಿ ಮೀನಿಗೆ ಒಂದು ಅವಕಾಶ ಸಿಗುತ್ತದೆ. ಅಂದರೆ ಗೇಟು ತೆಗೆದ ಮಾತ್ರಕ್ಕೆ ಬಾಗಿಲು ತೆಗೆದ ಹಾಗಲ್ಲ. ನೀರನ್ನು ಮೊದಲು ಸಮ ಮಾಡಬೇಕು.

ಇದನ್ನು ಇಷ್ಟು ಬಿಡಿಸಿ ಹೇಳಲು ಕಾರಣ ಇದೆ. ಯೂಟ್ರೆಕ್ಟ್‌ನ ಗೇಟು ಈ ವಿಷಯದಲ್ಲಿ ನನ್ನ ಗೇಟಿನಂತಲ್ಲ. ಅದು ದೋಣಿ ದಾಟಿಸುವ ಲಾಕ್. ಎರಡು ಕಡೆ ಬಾಗಿಲು, ನಡುವೆ ನೀರಿನ ಕೋಣೆ. ಕೆಳಗಿನ ಬಾಗಿಲು ತೆಗೆದರೆ ಕೋಣೆಯ ನೀರು ಕೆಳಗಿನ ನದಿಯ ಮಟ್ಟದಲ್ಲೇ ಇರುತ್ತದೆ. ದೋಣಿ ಒಳಗೆ ಬಂದ ಮೇಲೆ ಅದನ್ನು ಮುಚ್ಚಿ, ಕೋಣೆಯನ್ನು ಮೇಲಿನ ಮಟ್ಟಕ್ಕೆ ತುಂಬಿಸಿ, ಆಚೆಯ ಬಾಗಿಲು ತೆಗೆಯುತ್ತಾರೆ. ದೋಣಿಗೆ ಆಗುವ ಉಪಕಾರ ಮೀನಿಗೂ ಆಗುತ್ತದೆ. ಹಾರಬೇಕಿಲ್ಲ, ರಭಸಕ್ಕೆ ಎದುರು ಈಜಬೇಕಿಲ್ಲ.

ಹಾಗಾದರೆ ತೊಂದರೆ ಎಲ್ಲಿ? ವಸಂತದಲ್ಲಿ ಅಲ್ಲಿ ದೋಣಿಗಳು ಕಡಿಮೆ. ಬೇಸಿಗೆ ಬಂದ ಮೇಲೆ ದೋಣಿಗಳಿಗಾಗಿ ಬಾಗಿಲು ಮತ್ತೆ ಮತ್ತೆ ತೆರೆಯುತ್ತದೆ. ಆದರೆ ಮೀನಿಗೆ ಮೇಲೆ ಹೋಗಬೇಕಾದದ್ದು ವಸಂತದಲ್ಲೇ. ನೀರು ಬೆಚ್ಚಗಾಗುತ್ತಿದ್ದ ಹಾಗೆ ಅವು ಮೊಟ್ಟೆ ಇಡಲು ಗಿಡಗಂಟಿ ಇರುವ, ಆಳವಿಲ್ಲದ ನೀರನ್ನು ಹುಡುಕಿಕೊಂಡು ಹೊರಡುತ್ತವೆ. ವೆಖ್ಟ್ ನದಿಯಿಂದ ಬಂದು, ನಗರದ ಕಾಲುವೆಗಳನ್ನು ಹಾದು, ಆಚೆ ಕಡೆ ಕ್ರೊಮ್ಮೆ ರೈನ್ ನದಿಗೆ ಸೇರುವ ದಾರಿ ಅದು. ನಡುವೆ ಈ ಬಾಗಿಲು ಮುಚ್ಚಿಕೊಂಡಿರುತ್ತದೆ. ಮೀನುಗಳು ಅದರ ಮುಂದೆ ಗುಂಪುಗೂಡಿ ಕಾಯುತ್ತವೆ. ಕಾಯುತ್ತಾ ನಿಂತ ಮೀನು ನೀರುಕಾಗೆಗಳಿಗೆ, ಗುಳುಮುಳುಕದ ಜಾತಿಯ ದೊಡ್ಡ ಹಕ್ಕಿಗಳಿಗೆ ಸುಲಭವಾಗಿ ಸಿಗುತ್ತದೆ. ನನ್ನ ಒಡ್ಡಿನ ಕೆಳಗೆ ಬಕ ನಿಲ್ಲುತ್ತಿದ್ದ ಹಾಗೆಯೇ.

ಮಾರ್ಕ್ ಫಾನ್ ಹ್ಯೂಕೆಲಮ್ ಅನ್ನುವ ಪರಿಸರ ತಜ್ಞರು ಈ ಕಾಯುವ ಮೀನುಗಳನ್ನು ಗಮನಿಸಿದರು. ಅಲ್ಲಿಂದ ಬಂದದ್ದು ಈ ಯೋಚನೆ. ಬಾಗಿಲ ಹತ್ತಿರ ನೀರೊಳಗೆ ಒಂದು ಕ್ಯಾಮೆರಾ ಇಟ್ಟರು. ಅದರ ಚಿತ್ರ ನೇರವಾಗಿ ಇಂಟರ್‌ನೆಟ್‌ಗೆ ಬರುತ್ತದೆ. ನೋಡುತ್ತಿರುವವರಿಗೆ ಮೀನು ಕಂಡರೆ ಗಂಟೆ ಒತ್ತುತ್ತಾರೆ. ಆ ಕ್ಷಣದ ಚಿತ್ರ ಅಲ್ಲಿಗೆ ತಲುಪುತ್ತದೆ. ಸಾಕಷ್ಟು ಮೀನು ಕಾಯುತ್ತಿವೆ ಅನ್ನಿಸಿದಾಗ ಗೇಟಿನ ಕೆಲಸದವರು ಬಾಗಿಲು ತೆಗೆಯುತ್ತಾರೆ. ಇಷ್ಟೇ. ಹಣ ಕೊಡಬೇಕಿಲ್ಲ, ಹೆಸರು ದಾಖಲು ಮಾಡಬೇಕಿಲ್ಲ, ಆ್ಯಪ್ ಹಾಕಿಕೊಳ್ಳಬೇಕಿಲ್ಲ. ಡಚ್ ಬರದಿದ್ದರೆ ಇಂಗ್ಲಿಷ್‌ನಲ್ಲೂ ಓದಬಹುದು.

ನನಗೆ ಇದನ್ನು ತೋರಿಸಿದವಳು ಮೊಮ್ಮಗಳು. ಏಳನೇ ತರಗತಿ. ಕಣ್ಣಿನ ಪೊರೆ ತೆಗೆಸಿಕೊಂಡು ಮನೆಯಲ್ಲಿ ಕೂತಿದ್ದೆ, ಹೊರಗೆ ಹೋಗುವ ಹಾಗಿರಲಿಲ್ಲ. ಅವಳು ಬಂದು, “ತಾತ, ನೀವು ಗೇಟು ತೆಗೀತಿದ್ರಲ್ಲ, ಇಲ್ಲೊಂದು ಗೇಟಿದೆ ನೋಡಿ. ಮೀನಿಗೋಸ್ಕರ ತೆಗೀತಾರಂತೆ” ಅಂದಳು. ನಾನು ನಂಬಲಿಲ್ಲ. ಮೀನಿಗೋಸ್ಕರ ಯಾರು ಗೇಟು ತೆಗೆಯುತ್ತಾರೆ ಅಂದೆ. ಆಮೇಲೆ ಅವಳು ಓದಿ ಹೇಳಿದಳು. ಕೇಳುತ್ತಾ ಕೇಳುತ್ತಾ ಗಂಟಲು ಕಟ್ಟಿತು. ಅವಳಿಗೆ ಅದು ಅರ್ಥವಾಗಲಿಲ್ಲ ಅನ್ನಿಸುತ್ತದೆ. ಔಷಧಿಯಿಂದ ಕಣ್ಣಲ್ಲಿ ನೀರು ಬಂತು ಅಂದುಕೊಂಡು ಬಟ್ಟೆ ತಂದುಕೊಟ್ಟಳು.

ಈಗ ಬಳಸಿದ ಅನುಭವ. ಮೊದಲ ಮಾತು, ಸಮಯ. ಹಗಲು ಹೊತ್ತಿನಲ್ಲಿ ಹತ್ತು ನಿಮಿಷ ನೋಡಿ, ಏನೂ ಕಾಣಲಿಲ್ಲ ಅಂತ ಬಿಟ್ಟುಬಿಡಬೇಡಿ. ಮೀನುಗಳು ಹೆಚ್ಚಾಗಿ ಓಡಾಡುವುದು ರಾತ್ರಿ ಮತ್ತು ಬೆಳಕು ಹರಿಯುವ ಹೊತ್ತು. ಯೂಟ್ರೆಕ್ಟ್‌ನಲ್ಲಿ ನಡುರಾತ್ರಿ ಹನ್ನೆರಡಾದಾಗ ನಮ್ಮಲ್ಲಿ ಬೆಳಗಿನ ಜಾವ ನಾಲ್ಕೂವರೆ. ಬೇಗ ಏಳುವ ನನ್ನಂಥವರಿಗೆ ಇದು ಸರಿಯಾಗಿ ಹೊಂದುತ್ತದೆ. ನನ್ನ 46ರಲ್ಲಿ 38 ಸಲ ಒತ್ತಿದ್ದು ನಮ್ಮ ಸೂರ್ಯ ಹುಟ್ಟುವ ಮೊದಲು. ಮಧ್ಯಾಹ್ನ ಊಟದ ನಂತರ ಕೂತಾಗ ಹೆಚ್ಚಾಗಿ ಬರೀ ನೀರು.

ಆ ಬರೀ ನೀರಿನ ಬಗ್ಗೆಯೂ ಹೇಳಬೇಕು. ಮೊದಲ ವಾರ ನನಗೆ ಬೇಸರ ಬಂದಿತ್ತು. ಮೀನು ಯಾವಾಗ ಬರುತ್ತೆ ಅಂತ ಕಾಯುತ್ತಿದ್ದೆ. ಎರಡನೇ ವಾರದಿಂದ ನೀರನ್ನೇ ನೋಡಲು ಕಲಿತೆ. ಕಣಗಳು ಎಡದಿಂದ ಬಲಕ್ಕೆ ಹೋಗುತ್ತಿವೆಯೋ, ನಿಂತಿವೆಯೋ, ಸುತ್ತುತ್ತಿವೆಯೋ. ಗಾಳಿ ಮಳೆ ಬಂದ ದಿನ ನೀರು ಕದಡಿರುತ್ತದೆ, ಒಂದು ಮೊಳ ದೂರದ್ದೂ ಕಾಣುವುದಿಲ್ಲ. ಏಪ್ರಿಲ್ ಹೊತ್ತಿಗೆ ಹಸಿರು ಜಾಸ್ತಿಯಾಗುತ್ತದೆ, ಪಾಚಿ ಬೆಳೆಯುವ ಕಾಲ. ಇದು ನದಿಯ ಗುಣ, ಇದಕ್ಕೆ ಯಾರೂ ಏನೂ ಮಾಡಲಾಗದು. ಎಲೆ ತೇಲಿ ಬಂದಾಗ ಮೀನು ಅಂದುಕೊಂಡು ಮೂರು ಸಲ ಒತ್ತಿದ್ದೇನೆ. ಅಲ್ಲಿ ಚಿತ್ರ ನೋಡಿ ನಿರ್ಧಾರ ಮಾಡುತ್ತಾರೆ, ಹಾಗಾಗಿ ಒಂದು ಎಲೆಯಿಂದ ಕೆಲಸ ಕೆಡುವುದಿಲ್ಲ. ಆದರೂ ಆಮೇಲೆ ಒಂದು ಉಸಿರು ತಡೆದು, ಕಣ್ಣೋ ರೆಕ್ಕೆಯೋ ಕಂಡ ಮೇಲೆ ಒತ್ತುವುದನ್ನು ರೂಢಿ ಮಾಡಿಕೊಂಡೆ.

ಮೀನುಗಳನ್ನು ಗುರುತು ಹಿಡಿಯುವುದು ನಿಧಾನವಾಗಿ ಬರುತ್ತದೆ. ಪರ್ಚ್ ಎಲ್ಲಕ್ಕಿಂತ ಸುಲಭ. ಮೈಮೇಲೆ ಮೇಲಿಂದ ಕೆಳಕ್ಕೆ ಕಪ್ಪು ಪಟ್ಟೆ, ಬೆನ್ನ ಮೇಲೆ ಎರಡು ರೆಕ್ಕೆ, ಹೊಟ್ಟೆಯ ಕಡೆಯ ರೆಕ್ಕೆಗಳು ಕೆಂಪು. ಇದು ತನ್ನ ಮೊಟ್ಟೆಗಳನ್ನು ಉದ್ದನೆಯ ರಿಬ್ಬನ್ನಿನ ಹಾಗೆ ನೀರ ಗಿಡಗಳಿಗೆ ಸುತ್ತಿ ಇಡುತ್ತದೆ. ಬ್ರೀಮ್ ಮೀನು ಚಪ್ಪಟೆ, ಅಗಲ, ಕಂಚಿನ ತಟ್ಟೆಯ ಹಾಗೆ. ಬಂದರೆ ಗುಂಪಾಗಿ ಬರುತ್ತದೆ. ಮೊಟ್ಟೆ ಇಡುವ ಕಾಲದಲ್ಲಿ ಗಂಡು ಬ್ರೀಮ್‌ನ ತಲೆಯ ಮೇಲೆ ಬಿಳಿ ಬಿಳಿ ಗುಳ್ಳೆ ಏಳುತ್ತವೆ. ನಾನು ಮೊದಲು ರೋಗ ಅಂದುಕೊಂಡು ಬಹಳ ಹೊತ್ತು ಕೊರಗಿದೆ. ರೋಗ ಅಲ್ಲ, ಅದು ಅವುಗಳ ಮದುವೆ ಕಾಲದ ಗುರುತು ಅಂತ ಓದಿದ ಮೇಲೆ ಸಮಾಧಾನವಾಯಿತು. ಪೈಕ್ ಮೀನಿಗೆ ಬಾತುಕೋಳಿಯ ಕೊಕ್ಕಿನಂಥ ಮೂತಿ, ಬೆನ್ನಿನ ರೆಕ್ಕೆ ಬಹಳ ಹಿಂದೆ, ಬಾಲದ ಹತ್ತಿರ. ಅದು ಅಲುಗಾಡದೆ ನಿಲ್ಲುತ್ತದೆ. ಪೈಕ್‌ಪರ್ಚ್‌ನ ಕಣ್ಣು ಬೆಳಕಿಗೆ ಗಾಜಿನ ಗೋಲಿಯ ಹಾಗೆ ಹೊಳೆಯುತ್ತದೆ.

ನನ್ನ ಪುಸ್ತಕದಲ್ಲಿ ಕೆಂಪು ಪೆನ್ನಿನಲ್ಲಿ ಬರೆದದ್ದು ಒಂದೇ ಸಾಲು. ಏಪ್ರಿಲ್‌ನ ಒಂದು ಬೆಳಗಿನ ಜಾವ ಹಾವುಮೀನು ಕಂಡಿತು. ಚಿತ್ರದ ಕೆಳಗಿನ ಅಂಚಿನಲ್ಲಿ ಹಗ್ಗ ಎಳೆದ ಹಾಗೆ ಹೋಯಿತು. ಯುರೋಪಿನ ಹಾವುಮೀನು ಮೊಟ್ಟೆ ಇಡುವುದು ನದಿಯಲ್ಲಲ್ಲ, ಅಟ್ಲಾಂಟಿಕ್ ಸಾಗರದ ಆಚೆ ಬದಿಯ ಸರ್ಗಾಸೊ ಸಮುದ್ರದಲ್ಲಿ. ಅಲ್ಲಿ ಹುಟ್ಟಿದ ಮರಿ ಸಾಗರ ದಾಟಿ ನದಿಗೆ ಬರುತ್ತದೆ, ವರ್ಷಗಟ್ಟಲೆ ಇಲ್ಲಿ ಬೆಳೆಯುತ್ತದೆ, ಆಮೇಲೆ ಮತ್ತೆ ಅಲ್ಲಿಗೇ ಹೊರಡುತ್ತದೆ. ಅಳಿದುಹೋಗುವ ಅಪಾಯ ತೀರಾ ಹೆಚ್ಚಿರುವ ಜೀವಿಗಳ ಪಟ್ಟಿಯಲ್ಲಿ ಅದರ ಹೆಸರಿದೆ. ಸಾವಿರಾರು ಕಿಲೋಮೀಟರ್ ಸಾಗರ ದಾಟಿದ ಜೀವ ಒಂದು ಮರದ ಬಾಗಿಲಿನಷ್ಟು ತಡೆಯ ಮುಂದೆ ನಿಲ್ಲಬೇಕಾಗುತ್ತದೆ. ಅವತ್ತು ಗಂಟೆ ಒತ್ತುವಾಗ ನನ್ನ ಕೈ ನಡುಗಿತು.

ಈ ಸೇವೆಯ ಗಟ್ಟಿ ಗುಣ ಯಾವುದು ಅಂತ ಕೇಳಿದರೆ ನಾನು ಕ್ಯಾಮೆರಾ ಅನ್ನುವುದಿಲ್ಲ. ಗೇಟಿನ ಮೇಲೆ ಇರುವವನಿಗೆ ಕೆಳಗೆ ಯಾರು ಕಾಯುತ್ತಿದ್ದಾರೆ ಅಂತ ತಿಳಿಸುತ್ತದಲ್ಲ, ಅದು. 29 ವರ್ಷ ನನ್ನ ಕೈಯಲ್ಲಿ ಗೇಟು ಇತ್ತು. ತೆಗೆಯಲು ಶಕ್ತಿ ಇತ್ತು, ಮನಸ್ಸೂ ಇತ್ತು. ಯಾವಾಗ ತೆಗೆಯಬೇಕು, ಎಷ್ಟು ತೆಗೆಯಬೇಕು, ಯಾರಿಗಾಗಿ ತೆಗೆಯಬೇಕು ಅಂತ ಹೇಳುವವರು ಇರಲಿಲ್ಲ. ಹೇಳುವುದು ಯಾರ ಕೆಲಸವೂ ಆಗಿರಲಿಲ್ಲ. ಯೂಟ್ರೆಕ್ಟ್‌ನಲ್ಲಿ ಅದನ್ನು ಒಂದು ಕೆಲಸ ಮಾಡಿದ್ದಾರೆ. ದೂರದ ಯಾರೋ ಒಬ್ಬರು ನೋಡುತ್ತಾರೆ, ತಿಳಿಸುತ್ತಾರೆ. ಅಲ್ಲಿಯ ಒಬ್ಬರು ಎದ್ದು ಹೋಗಿ ಬಾಗಿಲು ತೆಗೆಯುತ್ತಾರೆ. ಗೇಟು ಅದೇ, ನೀರು ಅದೇ. ಹೊಸದಾಗಿ ಒಂದು ಕಲ್ಲು ಕೂಡ ಇಟ್ಟಿಲ್ಲ.

ಇನ್ನೊಂದು ಲಾಭ ಇದೆ. ಒತ್ತಿದ ಚಿತ್ರಗಳೆಲ್ಲ ಸೇರಿ ಒಂದು ದಾಖಲೆಯಾಗುತ್ತದೆ. ಯಾವ ಜಾತಿ, ಯಾವ ವಾರ, ಯಾವ ಹೊತ್ತು. ಇದರ ಬಗ್ಗೆ ನಾನು ಬಹಳ ಸಲ ಯೋಚಿಸಿದ್ದೇನೆ. ನನ್ನ ಹಳೆಯ ಪುಸ್ತಕಗಳಲ್ಲಿ ಅಂಥ ಒಂದು ಕಾಲಮ್ಮು ಇದ್ದಿದ್ದರೆ, ಇವತ್ತು 29 ವರ್ಷದ ಮೀನಿನ ಲೆಕ್ಕ ಇರುತ್ತಿತ್ತು, ಅಲ್ವಾ?

ಹಾಗಂತ ಇದನ್ನು ಎಲ್ಲ ಒಡ್ಡಿಗೂ ಮದ್ದು ಅಂತ ನಾನು ಹೇಳುವುದಿಲ್ಲ. ಇದರ ಮಿತಿ ಗೊತ್ತಿರಬೇಕು. ಕರೆಗಂಟೆ ಕೆಲಸ ಮಾಡುವುದು ಅಲ್ಲಿ ತೆಗೆಯಬಹುದಾದ ಲಾಕ್ ಇರುವುದರಿಂದ, ತೆಗೆಯುವ ಮನುಷ್ಯರು ಇರುವುದರಿಂದ. ನದಿಗೆ ಅಡ್ಡ ಇರುವ ಹೆಚ್ಚಿನ ಒಡ್ಡುಗಳಿಗೆ ಬಾಗಿಲೇ ಇಲ್ಲ, ಬರೀ ಗೋಡೆ. ಯುರೋಪಿನ 36 ದೇಶಗಳ ನದಿಗಳಲ್ಲಿ ಕನಿಷ್ಠ 12 ಲಕ್ಷ ಅಡೆತಡೆಗಳಿವೆ ಅಂತ 2020ರಲ್ಲಿ ಬಂದ ಒಂದು ದೊಡ್ಡ ಅಧ್ಯಯನ ಲೆಕ್ಕ ಹಾಕಿತು. ಅವುಗಳಲ್ಲಿ 68 ಶೇಕಡಾ 2 ಮೀಟರಿಗಿಂತ ಕಡಿಮೆ ಎತ್ತರದವು. ದೊಡ್ಡ ಅಣೆಕಟ್ಟು ಎಲ್ಲರ ಕಣ್ಣಿಗೆ ಬೀಳುತ್ತದೆ. ಮೊಣಕಾಲೆತ್ತರದ ಒಡ್ಡನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಆದರೆ ಹಾರಲು ಬಾರದ ಮೀನಿಗೆ ಮೊಣಕಾಲೆತ್ತರವೂ ಒಂದೇ, ಬೆಟ್ಟವೂ ಒಂದೇ.

ಲಾಕ್‌ಗೆ ಇನ್ನೊಂದು ಕೊರತೆ ಇದೆ, ಇದು ಗೇಟಿನ ಕೆಲಸ ಮಾಡಿದವರಿಗೆ ಬೇಗ ಹೊಳೆಯುತ್ತದೆ. ಮೇಲೆ ಹೋಗುವ ಮೀನು ಹರಿವನ್ನು ಹುಡುಕುತ್ತದೆ. ಎಲ್ಲಿ ನೀರು ಎದುರಿಂದ ಬರುತ್ತದೋ ಅಲ್ಲಿ ದಾರಿ ಇದೆ ಅಂತ ಅದರ ತಿಳಿವಳಿಕೆ. ಮುಚ್ಚಿದ ಲಾಕ್‌ನಿಂದ ಅಂಥ ಹರಿವು ಹೆಚ್ಚು ಬರುವುದಿಲ್ಲ. ಮೀನು ಏಣಿ, ಅಂದರೆ ಮೀನು ಒಡ್ಡು ಹತ್ತಿ ಹೋಗಲು ಮಾಡುವ ನೀರಿನ ದಾರಿ, ಕಟ್ಟುವವರು ಈ ವಿಷಯಕ್ಕೆ ಬಹಳ ತಲೆ ಕೆಡಿಸಿಕೊಳ್ಳುತ್ತಾರೆ. ಏಣಿಯ ಬಾಯಿ ಎಲ್ಲಿರಬೇಕು, ಅಲ್ಲಿಂದ ಎಷ್ಟು ನೀರು ಬರಬೇಕು, ಒಡ್ಡಿನ ದೊಡ್ಡ ಸದ್ದಿನ ನಡುವೆ ಮೀನಿಗೆ ಆ ಸಣ್ಣ ಕರೆ ಕೇಳಬೇಕಲ್ಲ. ಎಷ್ಟೋ ಏಣಿಗಳು ಸೋಲುವುದು ಮೆಟ್ಟಿಲು ಸರಿ ಇಲ್ಲದೆ ಅಲ್ಲ, ಮೀನಿಗೆ ಬಾಗಿಲು ಸಿಗದೆ.

ಏಣಿಯ ವಿಷಯ ಬಂತು, ಅದನ್ನೂ ಸ್ವಲ್ಪ ಹೇಳುತ್ತೇನೆ. ಈ ಮೂರು ತಿಂಗಳಲ್ಲಿ ಮೊಮ್ಮಗಳ ಜೊತೆ ಕೂತು ತುಂಬ ಓದಿದೆ. ಸ್ಕಾಟ್ಲೆಂಡಿನ ಪಿಟ್ಲಾಕ್ರಿಯಲ್ಲಿ ಅಣೆಕಟ್ಟಿನ ಪಕ್ಕ 34 ಕೊಳಗಳ ಏಣಿ ಇದೆ. ಸಾಲ್ಮನ್ ಮೀನು ಒಂದೊಂದೇ ಕೊಳ ಹತ್ತುತ್ತಾ, ನಡುವೆ ಸುಧಾರಿಸಿಕೊಳ್ಳುತ್ತಾ ಮೇಲೆ ಹೋಗುತ್ತದೆ. ದೊಡ್ಡ ಎತ್ತರವನ್ನು ಸಣ್ಣ ಸಣ್ಣ ಎತ್ತರಗಳಾಗಿ ಹಂಚಿಬಿಟ್ಟಿದ್ದಾರೆ. ನಾನು ಒಂದು ಗೇಣು ಗೇಟು ಎತ್ತಿ ಮಾಡಿದ ತಪ್ಪಿಗೆ ಸರಿಯಾದ ಉತ್ತರ ಅದು. ಬೆಲ್ಜಿಯಂನ ಡೆನಿಲ್ ಅನ್ನುವ ಎಂಜಿನಿಯರ್ 1909ರ ಹೊತ್ತಿಗೆ ಬೇರೆ ದಾರಿ ಹುಡುಕಿದರು. ಇಳಿಜಾರಾದ ತೊಟ್ಟಿಯೊಳಗೆ ಅಡ್ಡ ಪಟ್ಟಿಗಳನ್ನು ಒತ್ತೊತ್ತಾಗಿ ಕೂರಿಸಿದರು. ಪಟ್ಟಿಗಳು ನೀರಿನ ರಭಸವನ್ನು ಮುರಿಯುತ್ತವೆ, ನಡುವೆ ಮೀನು ಈಜುತ್ತದೆ. ಕೆನಡಾದ ಫ್ರೇಸರ್ ನದಿಯ ಹೆಲ್ಸ್ ಗೇಟ್‌ನಲ್ಲಿ 1913–14ರಲ್ಲಿ ರೈಲು ಹಳಿ ಹಾಕುವಾಗ ಬಂಡೆ ಉರುಳಿ ನದಿ ಕಿರಿದಾಯಿತು, ಸಾಲ್ಮನ್‌ಗಳ ದಾರಿ ಕಟ್ಟಿತು. ಅಲ್ಲಿ ಏಣಿ ಆದದ್ದು 1945–46ರಲ್ಲಿ. ಮೂವತ್ತು ವರ್ಷ ತಡವಾಗಿ. ಹಾವುಮೀನಿನ ಮರಿಗಳಿಗಾದರೆ ಏಣಿಯೂ ಬೇಡ. ಇಳಿಜಾರು ಹಲಗೆಗೆ ಬ್ರಷ್ಷಿನ ಕೂದಲು ನೆಟ್ಟು, ಮೇಲಿಂದ ಸ್ವಲ್ಪ ನೀರು ಜಿನುಗಿಸಿದರೆ ಸಾಕು. ಕೂದಲ ನಡುವೆ ಮೈ ಬಳಸಿಕೊಂಡು ಹತ್ತಿಹೋಗುತ್ತವೆ. ಓದಿದ್ದರಲ್ಲೆಲ್ಲ ನನ್ನ ಮನಸ್ಸಿಗೆ ಹೆಚ್ಚು ಹಿಡಿಸಿದ್ದು ಈ ಬ್ರಷ್ಷು. ಒಂದು ದಿನದಲ್ಲಿ ಜೋಡಿಸಬಹುದಾದ ವಸ್ತು.

ಎಲ್ಲಕ್ಕಿಂತ ಒಳ್ಳೆಯದು ಬೇಡದ ಒಡ್ಡನ್ನು ತೆಗೆದುಬಿಡುವುದು. ಇದನ್ನು ಬರೆಯಲು ನನಗೆ ಸುಲಭವಲ್ಲ, ಒಡ್ಡು ನನಗೆ ಅನ್ನ ಕೊಟ್ಟಿದೆ. ಆದರೆ ನಿಜ ಅದು. ಅಮೆರಿಕದ ಕ್ಲಾಮತ್ ನದಿಯಲ್ಲಿ ನಾಲ್ಕು ಅಣೆಕಟ್ಟುಗಳನ್ನು ಕೆಡವುವ ಕೆಲಸ 2024ರಲ್ಲಿ ಮುಗಿಯಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ, ನೂರಕ್ಕೂ ಹೆಚ್ಚು ವರ್ಷ ಸಾಲ್ಮನ್ ಕಾಣದ ಮೇಲಿನ ಹಳ್ಳದಲ್ಲಿ ಸಾಲ್ಮನ್ ಕಂಡಿತು. ಯಾರೂ ದಾರಿ ತೋರಿಸಿರಲಿಲ್ಲ. ಗೋಡೆ ಹೋದ ಕೂಡಲೇ ಬಂದವು.

ಉಲ್ಟಾ ಉದಾಹರಣೆಯೂ ಇದೆ. ಗಂಗೆಯ ಫರಕ್ಕಾ ಬ್ಯಾರೇಜ್ 1975ರಲ್ಲಿ ಶುರುವಾಯಿತು. ಅದಕ್ಕೂ ಮೊದಲು ಸಮುದ್ರದಿಂದ ಹೊರಟ ಹಿಲ್ಸಾ ಮೀನು ಅಲಹಾಬಾದಿನ ಆಚೆಗೂ ಹೋಗುತ್ತಿತ್ತು. ಬ್ಯಾರೇಜ್ ಬಂದ ಮೇಲೆ ಮೇಲಿನ ಊರುಗಳಲ್ಲಿ ಹಿಲ್ಸಾ ಸಿಗುವುದು ತೀರಾ ಕಡಿಮೆಯಾಯಿತು. ಲೋಕದ ಲೆಕ್ಕ ಇನ್ನೂ ಕಷ್ಟದ್ದು. ಸಿಹಿನೀರಿನ ವಲಸೆ ಮೀನುಗಳ ಸಂಖ್ಯೆ 1970ರಿಂದ 2020ರ ನಡುವೆ ಸರಾಸರಿ 81 ಶೇಕಡಾ ಇಳಿದಿದೆ ಅಂತ 2024ರ ವರದಿ ಹೇಳಿತು. ಆ ಅಂಕಿ ಓದಿದ ದಿನ ನಾನು ಪುಸ್ತಕ ಮುಚ್ಚಿಟ್ಟು ಹೊರಗೆ ಹೋಗಿ ನಿಂತೆ. ಇಳಿದದ್ದಕ್ಕೆ ಒಡ್ಡು ಒಂದೇ ಕಾರಣವಲ್ಲ. ಹಿಡಿಯುವುದು ಹೆಚ್ಚಾಗಿದೆ, ನೀರು ಕೆಟ್ಟಿದೆ. ಆದರೆ ಆ 50 ವರ್ಷದಲ್ಲಿ 29 ವರ್ಷ ನಾನೂ ಒಂದು ಒಡ್ಡಿನ ಮೇಲೆ ನಿಂತಿದ್ದೆ.

ಅದೇ ನೆದರ್ಲೆಂಡ್ಸ್‌ನಲ್ಲಿ ಇನ್ನೊಂದು ಕೆಲಸ ಆಗಿದೆ. ಸಮುದ್ರದ ಬಾಯಿಗೆ ಅಡ್ಡ ಇರುವ ಹಾರಿಂಗ್‌ಫ್ಲೀಟ್ ಗೇಟುಗಳನ್ನು 2018ರ ನವೆಂಬರ್‌ನಿಂದ ಆಗಾಗ ಸ್ವಲ್ಪ ತೆರೆದಿಡುತ್ತಾರೆ, ವಲಸೆ ಮೀನು ಒಳಗೆ ಬರಲಿ ಅಂತ. ಒಂದು ದೇಶದ ನೀರಿನ ಕೆಲಸದವರು ಗೇಟನ್ನು ಮೀನಿನ ಕಣ್ಣಿಂದ ನೋಡಲು ಕಲಿತಿದ್ದಾರೆ ಅನ್ನುವುದು ನನಗೆ ದೊಡ್ಡ ವಿಷಯ. ಕರೆಗಂಟೆ ಆ ಕಲಿಕೆಯ ಒಂದು ಸಣ್ಣ ತುಂಡು. ಆದರೆ ಅದರಲ್ಲಿ ಮಾತ್ರ ನನಗೆ ಪಾಲಿದೆ. ಹಾರಿಂಗ್‌ಫ್ಲೀಟ್‌ಗೆ ನಾನೇನೂ ಮಾಡಲಾರೆ. ಇಲ್ಲಿ ಬೆರಳು ಇಟ್ಟು ಒತ್ತಬಲ್ಲೆ.

ನಾನು ಒಬ್ಬನೇ ಅಲ್ಲ. 2024ರಲ್ಲಿ 20 ಲಕ್ಷಕ್ಕೂ ಹೆಚ್ಚು ಜನ ಇದನ್ನು ನೋಡಿದ್ದಾರೆ. ಅಷ್ಟು ಜನ ಇರುವಾಗ ನಾನು ಒತ್ತದಿದ್ದರೂ ಇನ್ನೊಬ್ಬರು ಒತ್ತುತ್ತಾರೆ, ನಿಜ. ಮೊಮ್ಮಗಳು ಒಂದು ದಿನ ಇದನ್ನೇ ಕೇಳಿದಳು. “ತಾತ, ಬೇರೆಯವರು ಒತ್ತೇ ಒತ್ತಿರ್ತಾರೆ, ನೀವ್ಯಾಕೆ ಇಷ್ಟು ಬೇಗ ಏಳ್ತೀರಿ?” ನಾನು ಹೇಳಿದೆ, “ನೋಡಮ್ಮ, ನಾನು ಗೇಟಿನ ಮೇಲಿದ್ದಾಗ ಕೆಳಗೆ ಬಲೆ ಹಿಡಿದವರು, ಸ್ನಾನಕ್ಕೆ ಬಂದವರು ಎಲ್ಲರೂ ಮೀನು ನೋಡುತ್ತಿದ್ದರು. ಬೇರೆಯವರು ಹೇಳ್ತಾರೆ ಅಂತ ಎಲ್ಲರೂ ಸುಮ್ನೆ ಇದ್ವಿ. ನಾನೂ ಸುಮ್ನಿದ್ದೆ.” ಅವಳು ಏನೂ ಅನ್ನಲಿಲ್ಲ. ಮರುದಿನ ನಾಲ್ಕೂವರೆಗೆ ಕಣ್ಣುಜ್ಜಿಕೊಂಡು ಬಂದು ಪಕ್ಕದಲ್ಲಿ ಕೂತಳು. ಅವತ್ತು ಬ್ರೀಮ್‌ಗಳು ಬಂದವು, ಒಂದರ ಹಿಂದೆ ಒಂದು, ಐದು. ಗಂಟೆಯನ್ನು ಅವಳೇ ಒತ್ತಿದಳು.

ಯಾರಿಗೆ ಇದನ್ನು ಹೇಳಬಹುದು? ರಾತ್ರಿ ನಿದ್ದೆ ಬಾರದವರಿಗೆ, ಕಾಯಿಲೆಯವರ ಪಕ್ಕ ಎಚ್ಚರ ಇರಬೇಕಾದವರಿಗೆ, ಓಡಾಡಲು ಆಗದವರಿಗೆ ಧೈರ್ಯವಾಗಿ ಹೇಳುತ್ತೇನೆ. ಮಕ್ಕಳಿರುವ ಮನೆಗೆ ಖಂಡಿತ. ಶಾಲೆಯ ಮೇಷ್ಟ್ರುಗಳು ತರಗತಿಯ ಗೋಡೆಗೆ ಹಾಕಿ ತೋರಿಸಿದರೆ ಒಂದು ಗಂಟೆಯಲ್ಲಿ ನದಿಯ ಪಾಠ ಆಗುತ್ತದೆ. ಬೇಗ ಬೇಗ ಏನಾದರೂ ಆಗಬೇಕು ಅನ್ನುವವರಿಗೆ ಇದು ಹಿಡಿಸುವುದಿಲ್ಲ. ನನ್ನ ಲೆಕ್ಕದಲ್ಲಿ ಒಂದು ಮೀನಿಗೆ ಸರಾಸರಿ ಒಂದೂಮುಕ್ಕಾಲು ಗಂಟೆ ಕೂತಿದ್ದೇನೆ. ಇಂಟರ್‌ನೆಟ್ ನಿಧಾನ ಇದ್ದರೆ ಚಿತ್ರದ ಗುಣಮಟ್ಟ ಕಡಿಮೆ ಮಾಡಿಕೊಳ್ಳಿ, ಮೀನಿನ ನೆರಳು ಅಷ್ಟರಲ್ಲೂ ತಿಳಿಯುತ್ತದೆ. ಕೋಣೆಯ ದೀಪ ಆರಿಸಿ ನೋಡಿ. ಕಪ್ಪು ಮೈಯ ಮೀನು ಕಾಣುವುದು ಆಗಲೇ.

ನೆದರ್ಲೆಂಡ್ಸ್‌ನಲ್ಲಿ ಮಾರ್ಚ್ ಕೊನೆಯ ಭಾನುವಾರ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸುತ್ತಾರೆ. ಆಮೇಲೆ ಅಲ್ಲಿಯ ನಡುರಾತ್ರಿ ಅಂದರೆ ನಮ್ಮಲ್ಲಿ ಮೂರೂವರೆ. ಈ ಸಲ ಅದು ಗೊತ್ತಿಲ್ಲದೆ ಒಂದು ವಾರ ತಡವಾಗಿ ಎದ್ದೆ. ಮುಂದಿನ ವರ್ಷದ ಕ್ಯಾಲೆಂಡರ್ ಬಂದ ಕೂಡಲೇ ಆ ಭಾನುವಾರಕ್ಕೆ ಗುರುತು ಹಾಕಬೇಕು. ಹೊಸ ಪುಸ್ತಕಕ್ಕೆ ಗೆರೆ ಎಳೆದು ಇಟ್ಟಾಗಿದೆ. ದಿನ, ಹೊತ್ತು, ನೀರು ತಿಳಿಯೋ ಕದಡಿದ್ದೋ, ಮೀನು. ಮೀನಿನ ಕಾಲಮ್ಮನ್ನು ಎಲ್ಲಕ್ಕಿಂತ ಅಗಲ ಮಾಡಿದ್ದೇನೆ.